ಗಂಗರ ಕೋಲಾರದಲ್ಲಿ ಒಬ್ಬ ವೈಂಡಿಂಗ್‌ನವನು

ಕೋಲಾರ, 12 ಜನವರಿ 2025, ಭಾನುವಾರ

ಬೆಳಗ್ಗೆ ಹತ್ತಕ್ಕೆ ಕರೆಂಟ್ ಹೋಯಿತು. ಅಂಗಡಿಗೆ ರಜ, ಹಾಗಾಗಿ ನನಗೇನೂ ತೊಂದರೆ ಇರಲಿಲ್ಲ. ಅಮ್ಮ ರಾತ್ರಿಯೇ ನೆನೆಹಾಕಿದ್ದ ಅವರೆಕಾಳನ್ನು ಜಗುಲಿಗೆ ತಂದಿಟ್ಟರು. ನಾನು, ಅಕ್ಕ, ಅಕ್ಕನ ಮಗ ಮೂವರೂ ಹಿತುಕಲು ಕೂತೆವು. ಹೆಬ್ಬೆರಳು ತೋರುಬೆರಳ ನಡುವೆ ಕಾಳು ಹಿಡಿದು ಒತ್ತಿದರೆ ಬೇಳೆ ಪುಳಕ್ಕಂತ ಜಾರಿ ಪಾತ್ರೆಗೆ ಬೀಳಬೇಕು. ಹುಡುಗನದ್ದು ಮಾತ್ರ ಪ್ರತಿ ಸಲ ಅಂಗಳಕ್ಕೆ ಹಾರುತ್ತಿತ್ತು.

ಅವನಿಗೆ ಶಾಲೆಯಲ್ಲಿ ಗಂಗರ ಪಾಠ ಆಗಿದೆ. ಸುಮಾರು 350ನೇ ಇಸವಿಯಲ್ಲಿ ನಮ್ಮೂರು ಅವರ ರಾಜಧಾನಿ. ಆಗಿನ ಹೆಸರು ಕುವಳಾಲ. ರಾಜಧಾನಿ ತಲಕಾಡಿಗೆ ಹೋದ ಮೇಲೂ ಗಂಗರು ತಮ್ಮನ್ನು ‘ಕುವಳಾಲಪುರವರೇಶ್ವರ’ ಅಂತಲೇ ಕರೆದುಕೊಂಡರು. ಬೆಂಗಳೂರಲ್ಲಿ ಸೈಟು ಕೊಂಡವರೂ ‘ನಮ್ದು ಕೋಲಾರ’ ಅನ್ನುತ್ತಾರಲ್ಲ, ಹಾಗೆ.

‘ಮಾಮಾ, ನೀನು ಈಗಲೇ ಆ ಕಾಲಕ್ಕೆ ಹೋಗಿ ಬಿದ್ದರೆ ಅವರಿಗೆ ಏನು ಮಾಡಿಕೊಡ್ತೀಯ? ಇಲ್ಲಿಂದ ಏನೂ ತಗೊಂಡು ಹೋಗೋ ಹಾಗಿಲ್ಲ.’

‘ಕರೆಂಟ್’ ಅಂದೆ. ಯೋಚನೆಯೇ ಮಾಡಲಿಲ್ಲ. ಹದಿನಾರು ವರ್ಷದಿಂದ ಸುಟ್ಟುಹೋದ ಬೋರ್‌ವೆಲ್ ಮೋಟಾರುಗಳನ್ನು ಬಿಚ್ಚಿ ವೈಂಡಿಂಗ್ ಮಾಡುತ್ತಿದ್ದೇನೆ, ಅಂದರೆ ಒಳಗೆ ಹೊಸದಾಗಿ ತಾಮ್ರದ ತಂತಿ ಸುತ್ತುವುದು. ಕಣ್ಣು ಮುಚ್ಚಿಕೊಂಡು ಸ್ಲಾಟಿಗೆ ಕಾಯಿಲ್ ಇಳಿಸುತ್ತೇನೆ. ನನಗಲ್ಲದೆ ಇನ್ಯಾರಿಗೆ ಬರಬೇಕು?

‘ತಂತಿ ಎಲ್ಲಿಂದ ತರ್ತೀಯ?’

ತಾಮ್ರ ಆಗ ಇತ್ತು. ತಾಮ್ರದ ಹಲಗೆ ಮೇಲೆ ಶಾಸನವನ್ನೇ ಕೊರೆಸುತ್ತಿದ್ದರು. ತಂತಿ ಎಳೆಯಲು ಅಕ್ಕಸಾಲಿಗಳ ಕಂಬಚ್ಚು ಸಾಕು. ದೊಡ್ಡ ತೂತಿನಿಂದ ಸಣ್ಣ ತೂತಿಗೆ, ಅಲ್ಲಿಂದ ಇನ್ನೂ ಸಣ್ಣದಕ್ಕೆ ಎಳೆಯುತ್ತಾ ಹೋಗುವುದು. ಆದರೆ ಒಂದು ಮೋಟಾರಿಗೆ ಕೆಜಿಗಟ್ಟಲೆ ತಂತಿ ಬೇಕು, ಅಡಿಯಿಂದ ಮುಡಿವರೆಗೆ ಒಂದೇ ಗೇಜು ಇರಬೇಕು. ಮೂಗುತಿ ಮಾಡುವವನನ್ನು ಕೂರಿಸಿಕೊಂಡು ಎಷ್ಟು ವರ್ಷ ಎಳೆಸಲಿ?

ಆಮೇಲೆ ತಂತಿಯ ಮೇಲಿನ ಕೋಟಿಂಗ್. ನಾನು ಅಂಗಡಿಯಲ್ಲಿ ಡಬ್ಬಿ ಒಡೆದು ವಾರ್ನಿಶ್ ಹಚ್ಚುತ್ತೇನೆ. ಅದರೊಳಗೆ ಏನಿದೆ ಅಂತ ಯಾವತ್ತೂ ಕೇಳಿಕೊಂಡವನಲ್ಲ. ಸ್ಟ್ಯಾಂಪಿಂಗ್ ತಗಡು, ಥ್ರಸ್ಟ್ ಬೇರಿಂಗ್, ಬುಷ್ ಎಲ್ಲ ಪಾರ್ಸೆಲ್‌ನಲ್ಲಿ ಬರುತ್ತವೆ. ಅವರೆಕಾಳು ಹಿತುಕುತ್ತಾ ಒಂದೊಂದೇ ಲೆಕ್ಕ ಹಾಕಿದರೆ, ನಾನು ನಿಜವಾಗಿ ಮಾಡುವುದು ಸುತ್ತುವ ಕೆಲಸ ಮಾತ್ರ ಅಂತ ಆಯಿತು. ಸ್ವಲ್ಪ ಅವಮಾನವೇ ಅನಿಸಿತು.

ಸುಮ್ನೆ ಬಿಡಲು ಮನಸ್ಸಾಗಲಿಲ್ಲ. ‘ಫ್ಯಾರಡೆ ಹತ್ರಾನೂ ವಾರ್ನಿಶ್ ಡಬ್ಬಿ ಇರಲಿಲ್ಲ ಕಣೋ’ ಅಂದೆ. ಫ್ಯಾರಡೆ ಇಂಗ್ಲೆಂಡಿನ ವಿಜ್ಞಾನಿ, ಕಮ್ಮಾರನ ಮಗ, ಪುಸ್ತಕಕ್ಕೆ ರಟ್ಟು ಕಟ್ಟುವ ಕೆಲಸ ಕಲಿತವನು. 1831ರಲ್ಲಿ ಅವನು ಕಬ್ಬಿಣದ ಬಳೆಗೆ ತಾಮ್ರದ ತಂತಿ ಸುತ್ತಿದಾಗ ಒಂದು ಸುತ್ತು ಇನ್ನೊಂದಕ್ಕೆ ತಾಗದಂತೆ ನಡುವೆ ಇಟ್ಟದ್ದು ದಾರ ಮತ್ತು ಹತ್ತಿ ಬಟ್ಟೆ. ದಾರ, ಬಟ್ಟೆ ಗಂಗರ ಕಾಲದಲ್ಲೂ ಇತ್ತಲ್ಲ. ಅದೇ ವರ್ಷ ಸುರುಳಿಯೊಳಗೆ ಅಯಸ್ಕಾಂತ ತೂರಿಸಿ, ಎಳೆದು, ಕರೆಂಟ್ ಹುಟ್ಟಿಸಿ ತೋರಿಸಿದ.

‘ಸರಿ, ಕರೆಂಟ್ ಹುಟ್ಟಿತು. ಅದರಲ್ಲಿ ಏನು ಮಾಡ್ತಾರೆ?’ ಅಂತ ಅಕ್ಕ.

ಬಲ್ಬ್ ಇಲ್ಲ. ಬಲ್ಬಿಗೆ ಗಾಜಿನ ಬುರುಡೆ ಬೇಕು, ಒಳಗಿನ ಗಾಳಿ ಎಳೆಯುವ ಪಂಪ್ ಬೇಕು. ನೀರೆತ್ತುವ ಪಂಪು? ಕುವಳಾಲದವರು ಸಾವಿರ ಅಡಿ ಕೊರೆದಿರಲಿಲ್ಲ. ಕೆರೆ ತುಂಬಿದರೆ ಬಾವಿ ತುಂಬುತ್ತಿತ್ತು, ಏತ ಹಾಕಿ ಎತ್ತುತ್ತಿದ್ದರು. ನನ್ನ ಹೊಟ್ಟೆಪಾಡು ನಡೆಯುವುದೇ ಕೆರೆಗಳು ಒಣಗಿ ನೀರು ಪಾತಾಳಕ್ಕೆ ಹೋದದ್ದರಿಂದ. ಅವರಿಗೆ ನಾನು ಬೇಡವೇ ಬೇಡ. ಹೆಚ್ಚೆಂದರೆ ರಾಜನಿಗೆ ಒಂದು ಶಾಕ್ ಕೊಡಬಹುದು. ಆಮೇಲೆ ನನ್ನ ತಲೆ ಇರುತ್ತದಾ?

ನಮ್ಮ ಜಿಲ್ಲೆಗೆ ಕರೆಂಟ್ ಬಂದ ರೀತಿ ನೋಡಿ. 1902ರಲ್ಲಿ ಶಿವನಸಮುದ್ರದಿಂದ 140 ಕಿ.ಮೀ.ಗೂ ಜಾಸ್ತಿ ದೂರ ತಂತಿ ಎಳೆದು ತಂದರು. ಊರಿನ ದೀಪಕ್ಕಲ್ಲ, ಕೆಜಿಎಫ್ ಚಿನ್ನದ ಗಣಿಗೆ. ಆಳದಿಂದ ಅದಿರು ಎತ್ತಲು, ಅದಿರು ಕುಟ್ಟಲು ಅಲ್ಲಿ ಮೆಷಿನ್‌ಗಳು ಕಾಯುತ್ತಿದ್ದವು, ದುಡ್ಡು ಹಾಕುವವರಿದ್ದರು. ಕಾಯುವವರೇ ಇಲ್ಲದ ಊರಿಗೆ ಕರೆಂಟ್ ತಂದು ಎಲ್ಲಿ ಸುರಿಯುವುದು?

ಅಕ್ಕ ನರ್ಸ್. ‘ನಾನಾದರೆ ಹೆರಿಗೆ ಮಾಡಿಸೋವ್ರಿಗೆ ಕೈ ತೊಳೆಯೋದು ಕಲಿಸ್ತೀನಿ, ಅಷ್ಟೇ’ ಅಂದಳು. ಅದಕ್ಕೆ ಬೂದಿ, ನೀರು ಸಾಕು. ಇದೇ ಸರಿ ಅಂತ ನನಗೂ ಅನಿಸಿತು. ಆದರೆ ಆ ಕಥೆಯ ಉಳಿದ ಭಾಗವನ್ನೂ ಅವಳೇ ಹೇಳಿದಳು. 1847ರಲ್ಲಿ ವಿಯೆನ್ನಾದಲ್ಲಿ ಸೆಮ್ಮೆಲ್ವೈಸ್ ಎಂಬ ಡಾಕ್ಟರು, ಹೆರಿಗೆ ವಾರ್ಡಿಗೆ ಬರುವವರೆಲ್ಲ ಕ್ಲೋರಿನ್ ಸುಣ್ಣದ ನೀರಲ್ಲಿ ಕೈ ತೊಳೆಯಲೇಬೇಕು ಅಂದ. ಆ ವರ್ಷ ಏಪ್ರಿಲ್‌ನಲ್ಲಿ ನೂರಕ್ಕೆ ಹದಿನೆಂಟು ಬಾಣಂತಿಯರು ಸಾಯುತ್ತಿದ್ದ ವಾರ್ಡಿನಲ್ಲಿ ಬೇಸಿಗೆ ಕಳೆಯುವುದರೊಳಗೆ ಆ ಲೆಕ್ಕ ಒಂದೆರಡಕ್ಕೆ ಇಳಿಯಿತು. ಆದರೂ ದೊಡ್ಡ ಡಾಕ್ಟರುಗಳು ಒಪ್ಪಲಿಲ್ಲ. ನಮ್ಮ ಕೈಯೇ ಕೊಳಕಾ ಅಂತ ಸಿಟ್ಟು. 1865ರಲ್ಲಿ ಅವನು ಸತ್ತದ್ದು ಹುಚ್ಚಾಸ್ಪತ್ರೆಯಲ್ಲಿ. ಲೆಕ್ಕ ಬರೆದು ತೋರಿಸಿದ ಡಾಕ್ಟರನ್ನೇ ನಂಬಲಿಲ್ಲ, ಎಲ್ಲಿಂದಲೋ ಬಂದು ಬಿದ್ದವಳನ್ನು ಸೂಲಗಿತ್ತಿಯರು ಯಾಕೆ ನಂಬಬೇಕು?

‘ನಂಬ್ತಾರೆ. ಹೆತ್ತವರು ಬೇಗ ನಂಬ್ತಾರೆ’ ಅಂದರು ಅಮ್ಮ. ಅಷ್ಟು ಹೇಳಿ ಒಳಗೆ ಹೋದರು.

ನನಗೆ ಕೊನೆಗೆ ಹೊಳೆದದ್ದು ತಳ್ಳುಗಾಡಿ. ಮುಂದೆ ಒಂದೇ ಗಾಲಿ, ಹಿಂದೆ ಎರಡು ಹಿಡಿ, ನಡುವೆ ಮಣ್ಣಿನ ತೊಟ್ಟಿ. ಚೀನಾದಲ್ಲಿ ಆ ಹೊತ್ತಿಗಾಗಲೇ ಇತ್ತು. ಯುರೋಪಿನವರು ಅದನ್ನು ಚೆನ್ನಾಗಿ ಬಳಸಲು ಶುರುಮಾಡಿದ್ದು 1200ರ ಆಸುಪಾಸು. ಎತ್ತಿನ ಗಾಡಿಯ ಗಾಲಿ ಮಾಡುವ ಬಡಗಿಗೆ ನೆಲದ ಮೇಲೆ ಗೆರೆ ಎಳೆದು ತೋರಿಸಿದರೆ ಸಾಕು, ನಾಳೆ ಸಂಜೆಗೆ ರೆಡಿ. ಕೆರೆಯ ಏರಿಗೆ ಮಂಕರಿಯಲ್ಲಿ ಮಣ್ಣು ಹೊರುತ್ತಿದ್ದ ಜನ ಅದನ್ನು ನಂಬಲು ಲೆಕ್ಕದ ಪುಸ್ತಕ ಬೇಕಿಲ್ಲ, ಕತ್ತು ನೋಯುವುದು ನಿಂತರೆ ಆಯಿತು. ಸಾವಿರಾರು ಕೆರೆ ಕಟ್ಟಿಕೊಂಡ ಸೀಮೆಗೆ ಇದಕ್ಕಿಂತ ಏನು ಬೇಕು ಅಂತ ನಾನು ಬೀಗುತ್ತಿದ್ದೆ.

‘ಹತ್ತು ಜನ ಹೊರೋದನ್ನ ಮೂವರು ತಳ್ಳಿದರೆ, ಮಿಕ್ಕ ಏಳು ಜನಕ್ಕೆ ಕೂಲಿ?’ ಅಂದಳು ಅಕ್ಕ.

ಅದಕ್ಕೆ ಇನ್ನೂ ಉತ್ತರ ಹೊಳೆದಿಲ್ಲ.

ಮಧ್ಯಾಹ್ನವಾದರೂ ಕರೆಂಟ್ ಇಲ್ಲ. ಹುಡುಗ ಬಿಡಲಿಲ್ಲ, ಫ್ಯಾರಡೆಯದ್ದು ಮಾಡಿ ತೋರಿಸು ಅಂದ. ಅಂಗಡಿಯಿಂದ ಬರಿ ತಾಮ್ರದ ತಂತಿ ತಂದೆ, ಅಮ್ಮನ ಹೊಲಿಗೆ ಡಬ್ಬಿಯಿಂದ ದಾರದ ಉಂಡೆ. ತಂತಿಯನ್ನು ಕಿಟಕಿ ಸರಳಿಗೆ ಬಿಗಿದು, ಸುತ್ತು ಸುತ್ತಿಗೆ ಅಂಟಿಕೊಂಡಂತೆ ದಾರ ಸುತ್ತುತ್ತಾ ಹೋದೆವು. ಒಂದು ಕಡೆ ಸಡಿಲವಾದರೂ ತಾಮ್ರ ಇಣುಕುತ್ತದೆ. ಉಗುರಿನಲ್ಲಿ ದೂಡಿ ಕೂಡಿಸಬೇಕು. ಇಬ್ಬರು ಸೇರಿ ಎರಡು ಗಂಟೆಗೆ ನಾಲ್ಕು ಮೀಟರ್. ಅಷ್ಟನ್ನೂ ಬಿದಿರಿನ ತುಂಡಿಗೆ ಸುತ್ತಿ, ಮುಳ್ಳಿನ ಮೀಟರಿಗೆ ಜೋಡಿಸಿ, ಹಳೇ ಸ್ಪೀಕರಿನ ಮ್ಯಾಗ್ನೆಟ್ ಅನ್ನು ಬಿದಿರಿನ ಬಾಯಿಗೆ ರಪ್ಪಂತ ತಂದೆ. ಮುಳ್ಳು ಕೂದಲೆಳೆಯಷ್ಟು ನಡುಗಿ ವಾಪಸು ಬಂತು. ದಿನಾ ಮೀಟರ್ ಹಿಡಿಯುವವನು ನಾನು, ಆದರೂ ಮೈ ಜುಮ್ಮೆಂದಿತು.

ಹುಡುಗ ಮ್ಯಾಗ್ನೆಟ್ ತಿರುಗಿಸಿ ನೋಡಿದ. ‘ಗಂಗರ ಕಾಲದಲ್ಲಿ ಸ್ಪೀಕರ್ ಇತ್ತಾ ಮಾಮಾ?’

ಅಷ್ಟರಲ್ಲಿ ಅಮ್ಮ ಬಾಗಿಲಿಗೆ ಬಂದರು. ಕೈಯಲ್ಲಿ ಒಣಮೆಣಸಿನಕಾಯಿ, ಟೊಮೆಟೊ. ಎರಡೂ ಕುವಳಾಲದಲ್ಲಿ ಸಿಗುತ್ತಿರಲಿಲ್ಲ, ಸಮುದ್ರದಾಚೆಯಿಂದ ಇನ್ನೂ ಬರಬೇಕಿತ್ತು ಅಂತ ಹೇಳಲು ಬಾಯಿ ತೆರೆದೆ. ಅವರು ಮೀಟರ್ ಕಡೆ ನೋಡಿದರು.

‘ಇದರಲ್ಲಿ ಮಿಕ್ಸಿ ತಿರುಗತ್ತಾ?’

‘ಇಲ್ಲಮ್ಮ.’

‘ಹಾಗಾದರೆ ಎದ್ದು ಬಾ, ರುಬ್ಬಿಕೊಡು.’

ಹಿತ್ತಲಿನ ಒರಳುಕಲ್ಲು ತೊಳೆದು ಮಸಾಲೆ ರುಬ್ಬಿದೆ. ಕರೆಂಟ್ ಬಂದಾಗ ಏಳೂ ಕಾಲು.