ಐವತ್ತು ಸೆಂಟಿಮೀಟರ್‌ನ ಆಚೆ ಈಚೆ

ಇಂಗ್ಲೆಂಡಿನ ದಕ್ಷಿಣ ತೀರದಲ್ಲಿ ಬ್ಯಾಸ್ ಮೀನಿಗೆ ಗಾಳ ಹಾಕುವವರು ಎಷ್ಟು ಮಾತಾಡಿದರೂ ಇತ್ಯರ್ಥವಾಗದ ಪ್ರಶ್ನೆಯೊಂದಿದೆ. ಎಷ್ಟು ದೊಡ್ಡದಿದ್ದರೆ ಅದು ಹೇಳಿಕೊಳ್ಳುವಂಥ ಮೀನು? ಹಳಬರ ಲೆಕ್ಕವೆಲ್ಲ ಪೌಂಡಿನಲ್ಲಿ. ಮೂರು ದಾಟಿದರೆ ಪರವಾಗಿಲ್ಲ, ಐದು ದಾಟಿದರೆ ನಾಲ್ಕು ಜನಕ್ಕೆ ಹೇಳಬಹುದು, ಹತ್ತು ದಾಟಿದ್ದು ಜೀವಮಾನದ ಮೀನು. ಅಂಥದ್ದನ್ನು ಕಾಣದೆಯೇ ಗಾಳ ಎತ್ತಿಟ್ಟವರು ಬಹಳ ಮಂದಿ. ಈಚಿನವರು ತಕ್ಕಡಿ ಬಿಟ್ಟು ಟೇಪು ಹಿಡಿದಿದ್ದಾರೆ. ಕೊಕ್ಕೆಗೆ ತೂಗುಹಾಕಿ ತೂಗುವುದಕ್ಕಿಂತ ಮೀನಿಗೂ ಅದೇ ಹಿತ. ಅವರ ಬಾಯಲ್ಲಿ 50, 60, 70 ಸೆಂಟಿಮೀಟರ್‌ಗಳ ಮಾತು.

ನಾನು ಮೈಸೂರಿನವನು. 1946ರಲ್ಲಿ ಕಬಿನಿಯಲ್ಲಿ ವ್ಯಾನ್ ಇಂಗೆನ್ ಮನೆತನದವರೊಬ್ಬರು ಗಾಳಕ್ಕೆ ಹಿಡಿದ 120 ಪೌಂಡಿನ ಮಹಶೀರ್‌ನ ಕಥೆ ಕೇಳಿ ಬೆಳೆದವನು. ಮೂರು ಪೌಂಡಿನ ಬ್ಯಾಸ್ ಸಿಕ್ಕಿತೆಂದು ಇಲ್ಲಿನವರು ಯಾಕೆ ಅಷ್ಟು ಸಂಭ್ರಮಪಡುತ್ತಾರೆಂಬುದು ಮೊದಮೊದಲು ನನಗೆ ತಿಳಿಯುತ್ತಿರಲಿಲ್ಲ. ಆ ಮೂರು ಪೌಂಡಿನ ಹಿಂದೆ ಎಷ್ಟು ವರ್ಷಗಳಿವೆ ಎಂದು ತೋರಿಸಿಕೊಟ್ಟದ್ದು ಅಕ್ಟೋಬರ್‌ನ ಒಂದು ಮುಂಜಾನೆ, ಡಾರ್ಸೆಟ್‌ನ ಚೆಸಿಲ್ ತೀರದಲ್ಲಿ.

ಚೆಸಿಲ್‌ನಲ್ಲಿ ಮರಳಿಲ್ಲ. ಸುಮಾರು 29 ಕಿಲೋಮೀಟರ್ ಉದ್ದಕ್ಕೂ ಉರುಟು ಕಲ್ಲುಗಳ ದಿಬ್ಬ. ಪಶ್ಚಿಮದ ತುದಿಯಲ್ಲಿ ಬಟಾಣಿಯಷ್ಟಿರುವ ಕಲ್ಲು ಪೋರ್ಟ್‌ಲ್ಯಾಂಡ್ ಕಡೆಗೆ ಬರುತ್ತ ಬರುತ್ತ ಮುಷ್ಟಿಗಾತ್ರವಾಗುತ್ತದೆ. ಅಲೆಗಳೇ ಅವನ್ನು ವಿಂಗಡಿಸಿಟ್ಟಿವೆ. ಕತ್ತಲಲ್ಲಿ ದಡ ಸೇರಿದ ಬೆಸ್ತರು ಕಾಲ ಕೆಳಗಿನ ಕಲ್ಲನ್ನು ಮುಟ್ಟಿಯೇ ತಾವೆಲ್ಲಿದ್ದೇವೆಂದು ಹೇಳುತ್ತಿದ್ದರಂತೆ. ದಿಬ್ಬದ ಹಿಂಬದಿಯಲ್ಲಿ ಫ್ಲೀಟ್ ಎಂಬ ಹಿನ್ನೀರಿದೆ. ಬ್ಯಾಸ್ ಮರಿಗಳ ರಕ್ಷಣೆಗೆಂದು ಕಾನೂನು ಗುರುತಿಸಿದ ನೀರುಗಳಲ್ಲಿ ಅದೂ ಒಂದು.

ನೈಋತ್ಯದ ಗಾಳಿ ಬೀಸಿ ಬೀಸಿ ಆಗಷ್ಟೇ ತಗ್ಗಿತ್ತು. ಅಂಥ ಹೊತ್ತಿನಲ್ಲಿ ಅಲೆಗಳು ದಡದ ಕಲ್ಲನ್ನು ಕೆದಕಿ ಹುಳು, ಏಡಿಗಳನ್ನು ಎಬ್ಬಿಸುತ್ತವೆ. ಅವನ್ನು ಹುಡುಕುತ್ತ ಬ್ಯಾಸ್ ತೀರ ಹತ್ತಿರಕ್ಕೆ ಬರುತ್ತದೆ. ದೂರಕ್ಕೆ ಎಸೆಯುವ ಅಗತ್ಯವೇ ಇಲ್ಲ. ಆದರೆ ಅಲೆ ಹಿಂದೆ ಸರಿಯುವ ಸೆಳೆತ ಮನುಷ್ಯನನ್ನೂ ಎಳೆದೊಯ್ಯುವಷ್ಟು ಬಲವಾದದ್ದು. ನೀರಿನಿಂದ ದೂರ ನಿಂತೇ ಗಾಳ ಹಾಕಬೇಕು, ಮೀನನ್ನು ಅಲೆಯೇ ಮೇಲಕ್ಕೆ ತಂದು ಹಾಕುವವರೆಗೆ ಕಾಯಬೇಕು.

ಜೊತೆಗಿದ್ದವರು ಇಬ್ಬರು. ನಮಗೆ ಈ ತೀರವನ್ನು ಪರಿಚಯಿಸಿದ ಸ್ಥಳೀಯ ಹಿರಿಯರೊಬ್ಬರು. ಇನ್ನೊಬ್ಬ, ಸೌತಾಂಪ್ಟನ್‌ನಲ್ಲಿ ಕೆಲಸ ಮಾಡುವ ಕುಂದಾಪುರದ ಹುಡುಗ. ಗಾಳಕ್ಕೆ ಬೊಂಡಾಸ್ (ಸ್ಕ್ವಿಡ್) ಸಿಕ್ಕಿಸಿ ಎಸೆದವನು ಅವನೇ, ಮೊದಲು ಮೀನು ಎಳೆದವನೂ ಅವನೇ. ಬೆಳ್ಳಿ ಮೈ, ಮೊನಚಾದ ಬೆನ್ನುಮುಳ್ಳು, ಅಳೆದರೆ 44 ಸೆಂಟಿಮೀಟರ್. ಅವನ ಮೊದಲ ಬ್ಯಾಸ್.

“ಅಣ್ಣ, ಇದು ಹೇಳಿಕೊಳ್ಳುವಂಥದ್ದೇ ಅಲ್ಲವೆ?” ಎಂದ.

ನಾನು ಉತ್ತರಿಸುವ ಮೊದಲೇ ಹಿರಿಯರು ಹೇಳಿದರು: “ಕಾನೂನು ಒಪ್ಪುತ್ತದೆ. ಇದು ಒಮ್ಮೆಯಾದರೂ ಮೊಟ್ಟೆ ಇಟ್ಟಿದೆಯೋ ಇಲ್ಲವೋ, ಅದು ಮಾತ್ರ ಅನುಮಾನ.”

ಹಿಡಿದ ಮೀನನ್ನು ಇಟ್ಟುಕೊಳ್ಳಲು ಕಾನೂನಿನ ಕನಿಷ್ಠ ಅಳತೆ 42 ಸೆಂಟಿಮೀಟರ್, ಮೂತಿಯ ತುದಿಯಿಂದ ಬಾಲದ ತುದಿಯವರೆಗೆ. 2015ರ ಸೆಪ್ಟೆಂಬರ್‌ವರೆಗೆ ಅದು 36 ಇತ್ತು. ಹೆಣ್ಣು ಬ್ಯಾಸ್ ಮೊಟ್ಟೆ ಇಡುವ ಪ್ರಾಯಕ್ಕೆ ಬರುವುದು 42ರ ಆಸುಪಾಸಿನಲ್ಲಿ; ಎಂದರೆ ಹಿಂದೆ ಒಂದು ಮರಿಯನ್ನೂ ಹುಟ್ಟಿಸದ ಮೀನುಗಳನ್ನು ಕಾನೂನುಬದ್ಧವಾಗಿಯೇ ಹಿಡಿದು ತಿನ್ನಲಾಗುತ್ತಿತ್ತು. ನಡುವೆ ಮರಿಗಳು ಚೆನ್ನಾಗಿ ಬದುಕುಳಿಯದ ವರ್ಷಗಳು ಸಾಲಾಗಿ ಬಂದವು, ಬಲೆಗಳೂ ಬಿಡಲಿಲ್ಲ. 2018ರ ಹೆಚ್ಚು ಭಾಗ ಗಾಳದವರು ಹಿಡಿದ ಪ್ರತಿ ಬ್ಯಾಸನ್ನೂ ನೀರಿಗೆ ಬಿಡಬೇಕಾಗಿತ್ತು. 2020ರ ಹೊತ್ತಿಗೆ ದಿನಕ್ಕೆ ತಲಾ ಎರಡು ಮೀನಿಗೆ ಅನುಮತಿ ಸಿಕ್ಕಿತು. ಹಾಗಾಗಿ 42 ಎಂಬುದು ಮೀನಿಗೆ ಕೊಟ್ಟ ಕನಿಷ್ಠ ಅವಕಾಶ. ಅದನ್ನೇ ಒಳ್ಳೆಯ ಗಾತ್ರವೆಂದು ಕರೆಯುವುದು ನನಗೆ ಒಪ್ಪಿಗೆಯಿಲ್ಲ.

ಹುಡುಗ ಮೀನನ್ನು ಇಟ್ಟುಕೊಂಡ. ಅದು ಅವನ ಹಕ್ಕು, ನಾವು ತಡೆಯಲಿಲ್ಲ. ಹಿರಿಯರು ಮಾತ್ರ ಅದರ ಪಕ್ಕದ ರೆಕ್ಕೆಯ ಹಿಂದಿನಿಂದ ಒಂದೆರಡು ಹುರುಪೆ ಕಿತ್ತು ಚಿಕ್ಕ ಕಾಗದದ ಲಕೋಟೆಗೆ ಹಾಕಿ, ಮೇಲೆ ಉದ್ದ ಮತ್ತು ತಾರೀಕು ಬರೆದುಕೊಂಡರು.

ಬೆಳಕು ಪೂರ್ತಿ ಹರಿದ ಮೇಲೆ ನನ್ನ ದಾರ ಬಿಗಿಯಿತು. ಬ್ಯಾಸ್ ಜಗ್ಗುವ ರೀತಿಯೇ ಬೇರೆ. ದೂರಕ್ಕೆ ಓಡುವುದಿಲ್ಲ, ಅಲೆ ಒಡೆಯುವ ಸಾಲಿನಲ್ಲೇ ಅಡ್ಡಡ್ಡ ಹಾಯುತ್ತ ತಲೆ ಒದರುತ್ತದೆ. ಕೊನೆಗೆ ದೊಡ್ಡದೊಂದು ಅಲೆ ಅದನ್ನು ಕಲ್ಲಿನ ಮೇಲೆ ತಂದಿಟ್ಟಿತು. 63 ಸೆಂಟಿಮೀಟರ್. ತೂಕಕ್ಕೆ ಏರಿಸಲಿಲ್ಲ, ಆರು ಪೌಂಡಿನ ಹತ್ತಿರ ಇದ್ದಿರಬೇಕು. ಉದ್ದದ ಅಂಕಿಗಳು ಇಲ್ಲಿ ಕಣ್ಣಿಗೆ ಮೋಸ ಮಾಡುತ್ತವೆ. ಉದ್ದದ ಜೊತೆಗೆ ಅಗಲ, ದಪ್ಪಗಳೂ ಬೆಳೆಯುವುದರಿಂದ 50ರ ಮೀನು ಮೂರು ಪೌಂಡಿದ್ದರೆ 60ರದ್ದು ಐದು, 75ರದ್ದು ಹತ್ತಿರ ಹತ್ತಿರ ಹತ್ತು ಪೌಂಡ್. ಟೇಪಿನ ಮೇಲೆ ಹತ್ತು ಸೆಂಟಿಮೀಟರ್ ದಾಟಲು ಮೀನಿಗೆ ವರ್ಷಗಳೇ ಬೇಕು.

ಹುರುಪೆ ತೆಗೆದುಕೊಂಡು, ಒದ್ದೆ ಕೈಯಲ್ಲೇ ಹಿಡಿದು ಅದನ್ನು ನೀರಿಗೆ ಬಿಟ್ಟೆ. ಹುಡುಗ ಬೆರಗಾದ. “ಸಣ್ಣದನ್ನು ಮನೆಗೊಯ್ದು ದೊಡ್ಡದನ್ನು ಬಿಡುವುದೇ? ನಮ್ಮೂರಲ್ಲಿ ಹೇಳಿದರೆ ನಂಬುವುದಿಲ್ಲ.”

ಹೌದು, ನಾನು ಮಾಡುವುದು ಹಾಗೆಯೇ. ಹೆಮ್ಮೆಪಡುವ ಗಾತ್ರ ಬೇರೆ, ಸಾರಿಗೆ ಒಯ್ಯುವ ಗಾತ್ರ ಬೇರೆ. ಹೆಣ್ಣು ಬ್ಯಾಸ್ ತೂಕ ಹೆಚ್ಚಿದಷ್ಟೂ ಮೊಟ್ಟೆಗಳನ್ನು ಹೆಚ್ಚಿಸುತ್ತದೆ, ಒಂದೊಂದು ಕಿಲೋಗೆ ಲಕ್ಷಗಟ್ಟಲೆ. ಆರು ಪೌಂಡಿನದ್ದು ಫೆಬ್ರುವರಿಯ ನಂತರ ಇಂಗ್ಲಿಷ್ ಚಾನೆಲ್‌ನ ಆಳದ ನೀರಿಗೆ ಹೋಗಿ ಬಿಡುವ ಮೊಟ್ಟೆಗಳ ಸಾಟಿಗೆ 44ರ ಮೀನುಗಳು ಹಲವಾರು ಬೇಕು. ಇಂಗ್ಲೆಂಡಿನ ಕಾನೂನು ಕೆಳಗಿನ ಮಿತಿಯನ್ನಷ್ಟೇ ಹಾಕಿದೆ, ಮೇಲಿನದನ್ನು ಹಾಕಿಲ್ಲ. ಅದು ನನಗೆ ದೊಡ್ಡ ಕೊರತೆಯಾಗಿ ಕಾಣುತ್ತದೆ. ಮೇಲಿನ ಮಿತಿಯೊಂದು ಬರುವವರೆಗೆ ಅದನ್ನು ನಾವೇ ಹಾಕಿಕೊಳ್ಳಬೇಕು.

ಕೆಲವು ದಿನಗಳ ಮೇಲೆ ಹಿರಿಯರಿಂದ ಸಂದೇಶ ಬಂತು. ಚಳಿಗಾಲದಲ್ಲಿ ಬೆಳವಣಿಗೆ ನಿಂತಾಗಲೆಲ್ಲ ಹುರುಪೆಯ ಮೇಲೆ ಒಂದು ಉಂಗುರ ಮೂಡುತ್ತದೆ; ಸೂಕ್ಷ್ಮದರ್ಶಕದಡಿ ಅವನ್ನು ಎಣಿಸಿದ್ದರು. ಹುಡುಗನ ಮೀನಿಗೆ ಆರು ವರ್ಷ, ನನ್ನದಕ್ಕೆ ಹದಿಮೂರು.

ಹುಡುಗ ಫೋನ್ ಮಾಡಿದ. ಆ 44ರ ಮೀನನ್ನು ಅವನು ಹುಣಸೆ, ಕಾಯಿ ಅರೆದು ಕುಂದಾಪುರದ ಸಾರು ಮಾಡಿಕೊಂಡು ಉಂಡಿದ್ದ. “ಆರು ವರ್ಷದ್ದು ಎಂದು ಆಗಲೇ ಗೊತ್ತಿದ್ದರೂ ಇಟ್ಟುಕೊಳ್ಳುತ್ತಿದ್ದೆ ಅಣ್ಣ, ಮೊದಲನೆಯದು. ಇನ್ನು ಮುಂದೆ ಐವತ್ತಕ್ಕಿಂತ ಕೆಳಗಿನದು ಬೇಡ.” ಹಿರಿಯರಿಗೆ ಐವತ್ತೂ ಕಡಿಮೆಯೇ. ಅವರು ಯಾವುದನ್ನೂ ಮನೆಗೆ ಒಯ್ಯುವುದಿಲ್ಲ, ಅವರ ಮಟ್ಟಿಗೆ ಹೇಳಿಕೊಳ್ಳುವಂಥ ಮೀನೆಂದರೆ ಹತ್ತು ಉಂಗುರ ದಾಟಿದ್ದು. ನನ್ನ ಟೇಪಿನಲ್ಲಿ 48ಕ್ಕೊಂದು, 58ಕ್ಕೊಂದು ಗುರುತು ಹಾಕಿಕೊಂಡಿದ್ದೇನೆ: ನಡುವಿನದು ಊಟಕ್ಕೆ, ಮೇಲಿನದು ಕಡಲಿಗೆ. ಹುಡುಗನ ಟೇಪಿನಲ್ಲಿ ಮೇಲಿನ ಗುರುತು 65ಕ್ಕಿದೆ. ಅದನ್ನು 60ಕ್ಕಾದರೂ ಇಳಿಸು ಎಂದು ಹೇಳುತ್ತಲೇ ಇದ್ದೇನೆ, ಅರವತ್ತೆರಡಕ್ಕೆ ಬಂದಿದ್ದಾನೆ.