45,80,917 ಡಾಲರಿನ ಲೆಕ್ಕ

45,80,917. ಈ ಅಂಕಿ ಕಣ್ಣಿಗೆ ಬಿದ್ದ ಕೂಡಲೇ ಅಣ್ಣನ ಮಗನನ್ನು ಕೇಳಿದೆ, "ಇದರ ಸ್ಲ್ಯಾಬ್ ಎಲ್ಲಿಗೆ ಮುಗಿಯುತ್ತೋ?" ಅಂತ. ಅವನಿಗೆ ಪ್ರಶ್ನೆ ಅರ್ಥ ಆಗಲಿಲ್ಲ. ಅರ್ಥ ಮಾಡಿಕೊಳ್ಳುವ ಸ್ಥಿತಿಯಲ್ಲೂ ಇರಲಿಲ್ಲ ಅನ್ನಿ. "ಅತ್ತೆ, ನಮ್ಮ ಪ್ಲೇಯರ್ಸ್‌ನ ಕದೀತಿದ್ದಾರೆ" ಅಂತ ಫೋನು ಹಿಡಿದು ಜಗಲಿಯ ಮೇಲೆ ಕೂತಿದ್ದ.

ಮಂಡ್ಯದಲ್ಲಿ ಐಸ್ ಹಾಕಿಯ ಬಗ್ಗೆ ಬ್ಲಾಗ್ ಬರೆಯುವವಳು ನಾನೊಬ್ಬಳೇ ಇರಬೇಕು. ಕಾರಣ ಇಷ್ಟೇ. ಅಣ್ಣನ ಮನೆ ಕೆನಡಾದ ಎಡ್ಮಂಟನ್‌ನಲ್ಲಿದೆ, ಅವನ ಮಗ ಅಲ್ಲಿಯ ಆಯ್ಲರ್ಸ್ ತಂಡದ ಭಕ್ತ. ಶಾಲೆಗೆ ರಜೆ ಅಂತ 2024ರ ಆಗಸ್ಟ್‌ನಲ್ಲಿ ಇಲ್ಲಿಗೆ ಬಂದಿದ್ದ. ಕೆಆರ್‌ಎಸ್ ತುಂಬಿ ನಾಲೆಗಳಲ್ಲಿ ನೀರು ಹರಿಯುತ್ತಿದ್ದ ಕಾಲ ಅದು. ಹುಡುಗನಿಗೆ ತೋರಿಸಬೇಕು ಅಂದುಕೊಂಡದ್ದು ಬೇಕಾದಷ್ಟಿತ್ತು. ಅವನು ನನಗೆ ತೋರಿಸಿದ್ದು ಮಾತ್ರ ಆಫರ್ ಶೀಟು, ಅಂದರೆ ಬೇರೆ ತಂಡದ ಆಟಗಾರನ ಮುಂದೆ ಇಡುವ ಸಂಬಳದ ಕರಾರು.

ಆ ತಿಂಗಳ 13ರಂದು ಸೇಂಟ್ ಲೂಯಿಸ್ ಬ್ಲೂಸ್ ತಂಡ ಎಡ್ಮಂಟನ್‌ನ ಇಬ್ಬರು ಹುಡುಗರಿಗೆ ಒಂದೇ ಸಲ ಆಫರ್ ಶೀಟ್ ಕೊಟ್ಟಿತು. ಡಿಫೆನ್ಸ್ ಆಡುವ ಫಿಲಿಪ್ ಬ್ರೊಬರ್ಗ್‌ಗೆ ವರ್ಷಕ್ಕೆ 45,80,917 ಡಾಲರ್, ಫಾರ್ವರ್ಡ್ ಡಿಲನ್ ಹಾಲೊವೇಗೆ ವರ್ಷಕ್ಕೆ 22,90,457 ಡಾಲರ್, ಇಬ್ಬರಿಗೂ ಎರಡೆರಡು ವರ್ಷ. ಇಬ್ಬರೂ ಸಹಿ ಹಾಕಿಬಿಟ್ಟರು. ಅಲ್ಲಿಂದ ಎಡ್ಮಂಟನ್‌ಗೆ ಏಳು ದಿನದ ಗಡುವು. ಅಷ್ಟರೊಳಗೆ "ಇದೇ ದುಡ್ಡನ್ನು ನಾವೇ ಕೊಡ್ತೀವಿ" ಅಂದರೆ ಆಟಗಾರ ಉಳಿಯುತ್ತಾನೆ. ಇಲ್ಲವಾದರೆ ಅವನು ಹೋಗುತ್ತಾನೆ, ಬದಲಿಗೆ ಪರಿಹಾರ ಬರುತ್ತದೆ.

ಇವರೆಲ್ಲ ಆಡುವ ಅಮೆರಿಕ-ಕೆನಡಾದ ಹಾಕಿ ಲೀಗ್ ಎನ್‌ಎಚ್‌ಎಲ್‌ನಲ್ಲಿ ಒಪ್ಪಂದ ಮುಗಿದ ಆಟಗಾರರೆಲ್ಲ ಸ್ವತಂತ್ರರಲ್ಲ. 27 ವರ್ಷ ತುಂಬಿರಬೇಕು, ಇಲ್ಲವೇ ಲೀಗಿನಲ್ಲಿ ಏಳು ಸೀಸನ್ ಕಳೆದಿರಬೇಕು. ಎರಡೂ ಆಗದವನು ರಿಸ್ಟ್ರಿಕ್ಟೆಡ್ ಫ್ರೀ ಏಜೆಂಟ್. ಹಳೆಯ ತಂಡ ನಿಯಮದ ಪ್ರಕಾರ ಒಂದು ಕನಿಷ್ಠ ಆಫರ್ ಕೊಟ್ಟರೆ ಸಾಕು, ಅವನ ಮೇಲಿನ ಹಕ್ಕು ಅದರ ಕೈಯಲ್ಲೇ ಉಳಿಯುತ್ತದೆ. ಆ ಬೇಲಿಯನ್ನು ದಾಟಲು ಹುಡುಗರಿಗೆ ಇರುವ ದಾರಿಗಳಲ್ಲಿ ಆಫರ್ ಶೀಟ್ ಒಂದು. ಕರೆದುಕೊಳ್ಳುವ ತಂಡ ಪರಿಹಾರವನ್ನು ದುಡ್ಡಿನಲ್ಲಿ ಕೊಡುವ ಹಾಗಿಲ್ಲ, ಮುಂದಿನ ಡ್ರಾಫ್ಟ್‌ಗಳ ಪಿಕ್‌ಗಳಲ್ಲಿ, ಅಂದರೆ ಹೊಸ ಹುಡುಗರನ್ನು ತಂಡಗಳು ಸರದಿಯಂತೆ ಆರಿಸಿಕೊಳ್ಳುವಾಗ ತನಗೆ ಸಿಗುವ ಸರದಿಗಳಲ್ಲಿ ಕೊಡಬೇಕು. ಎಷ್ಟು ಪಿಕ್ ಅನ್ನುವುದು ವಾರ್ಷಿಕ ಸಂಬಳದ ಸ್ಲ್ಯಾಬ್ ಮೇಲೆ ನಿಂತಿದೆ. ಆ ವರ್ಷದ ಪಟ್ಟಿಯಲ್ಲಿ 22,90,457 ಡಾಲರ್‌ವರೆಗೆ ಒಂದು ಮೂರನೇ ಸುತ್ತಿನ ಪಿಕ್. 45,80,917ರವರೆಗೆ ಒಂದು ಎರಡನೇ ಸುತ್ತಿನದು. ಅದರ ಮೇಲೆ ಒಂದೇ ಒಂದು ಡಾಲರ್ ಹೆಚ್ಚಾದರೂ ಮೊದಲ ಸುತ್ತಿನದೊಂದು, ಮೂರನೇ ಸುತ್ತಿನದೊಂದು. ಹೀಗೆ ಏರುತ್ತಾ ಹೋಗಿ ತುದಿಯ ಸ್ಲ್ಯಾಬ್‌ನಲ್ಲಿ ನಾಲ್ಕು ಮೊದಲ ಸುತ್ತಿನ ಪಿಕ್‌ಗಳು.

ಅಂದರೆ ಎರಡೂ ಅಂಕಿಗಳು ಸ್ಲ್ಯಾಬಿನ ಅಂಚಿಗೆ ಬಂದು ನಿಂತಿವೆ, ಒಂದು ಡಾಲರ್ ಈಚೆಗಿಲ್ಲ, ಆಚೆಗಿಲ್ಲ. ನಾನು ಮಂಡ್ಯದಲ್ಲಿ ಅಂಗಡಿಯವರ, ಅಕ್ಕಿ ಗಿರಣಿಯವರ ಲೆಕ್ಕಪತ್ರ ನೋಡುವವಳು. ಜಿಎಸ್‌ಟಿ ನೋಂದಣಿಯ ಮಿತಿ 40 ಲಕ್ಷ ಅಂತ ಗೊತ್ತಿದ್ದು ವಹಿವಾಟನ್ನು 39 ಲಕ್ಷದ ಚಿಲ್ಲರೆಯಲ್ಲಿ ತಂದು ನಿಲ್ಲಿಸುವ ಗಿರಾಕಿಗಳನ್ನು ಕಂಡಿದ್ದೇನೆ. ಆದರೆ ಈ ಸೇಂಟ್ ಲೂಯಿಸ್‌ನವರಷ್ಟು ಸಂಕೋಚವಿಲ್ಲದೆ ಅಂಚಿನ ಮೇಲೇ ಕಾಲಿಟ್ಟವರನ್ನು ಕಂಡಿಲ್ಲ. ನಿಜ ಹೇಳಬೇಕೆಂದರೆ ಖುಷಿಯಾಯಿತು. ಹುಡುಗನ ಮುಂದೆ ತೋರಿಸಿಕೊಳ್ಳಲಿಲ್ಲ.

ಹಿಂದಿನ ಸೀಸನ್‌ನಲ್ಲಿ ಬ್ರೊಬರ್ಗ್ ಎಡ್ಮಂಟನ್‌ಗೆ ಆಡಿದ್ದು ಹನ್ನೆರಡೇ ಲೀಗ್ ಪಂದ್ಯ. ಹಾಲೊವೇ 38 ಪಂದ್ಯದಲ್ಲಿ ಹೊಡೆದದ್ದು ಆರು ಗೋಲು. 2019ರಲ್ಲಿ, 2020ರಲ್ಲಿ ಮೊದಲ ಸುತ್ತಿನಲ್ಲೇ ಆರಿಸಿಕೊಂಡ ಹುಡುಗರು ಹೌದು, ಆದರೆ ಎಡ್ಮಂಟನ್ ಇವರಿಗೆ ಇಷ್ಟು ಕೊಡುವುದಕ್ಕೆ ತಯಾರಿರಲಿಲ್ಲ. ಲೀಗಿನ ಪಟ್ಟವಾದ ಸ್ಟಾನ್ಲಿ ಕಪ್‌ನ ಫೈನಲ್‌ನ ಏಳನೇ ಪಂದ್ಯದಲ್ಲಿ ಫ್ಲೋರಿಡಾಗೆ ಸೋತು ಎರಡು ತಿಂಗಳೂ ಆಗಿರಲಿಲ್ಲ. ಕಪ್ಪಿಗಾಗಿ ಹಿರಿಯ ಆಟಗಾರರನ್ನು ತುಂಬಿಕೊಂಡು, ಒಂದು ತಂಡ ಸಂಬಳಕ್ಕೆ ಖರ್ಚು ಮಾಡಬಹುದಾದ ಮಿತಿಗೆ, 8.8 ಕೋಟಿ ಡಾಲರಿನ ಸ್ಯಾಲರಿ ಕ್ಯಾಪ್‌ಗೆ ತಲೆ ತಾಗಿಸಿಕೊಂಡು ಕೂತಿತ್ತು. ಸೇಂಟ್ ಲೂಯಿಸ್‌ನ ಜನರಲ್ ಮ್ಯಾನೇಜರ್ ಡಗ್ ಆರ್ಮ್‌ಸ್ಟ್ರಾಂಗ್‌ಗೆ ಇದೆಲ್ಲ ಬಾಯಿಪಾಠ. ಆಟಗಾರ ಇವತ್ತು ಎಷ್ಟು ಬಾಳುತ್ತಾನೆ ಅಂತ ಮಾತ್ರ ಲೆಕ್ಕ ಹಾಕಿ ಬರೆದ ಅಂಕಿ ಅಲ್ಲ ಅದು. ಎದುರಿನವನ ಜೇಬಿನಲ್ಲಿ ಎಷ್ಟು ಉಳಿದಿದೆ ಅಂತಲೂ ಲೆಕ್ಕ ಹಾಕಿ, ಅದಕ್ಕಿಂತ ಒಂದು ಹೆಜ್ಜೆ ಮೇಲೆ ಬರೆದದ್ದು.

16ಕ್ಕೆ ವರಮಹಾಲಕ್ಷ್ಮಿ ಹಬ್ಬ. ಲಕ್ಷ್ಮಿಯನ್ನು ಕೂರಿಸಿ, ಹೋಳಿಗೆ ತಟ್ಟುತ್ತಾ ಇರುವಾಗ ಈ ವಿಷಯ ಅಮ್ಮನ ಕಿವಿಗೂ ಬಿತ್ತು. ಹುಡುಗ ಎರಡು ಭಾಷೆ ಬೆರೆಸಿ ಅಜ್ಜಿಗೆ ವಿವರಿಸಿದ. ಅಮ್ಮ ಎಲ್ಲ ಕೇಳಿ, "ಅವ್ರು ಜಾಸ್ತಿ ಕೊಡ್ತೀವಿ ಅಂದವ್ರೆ, ಇವ್ನು ಒಪ್ಕಂಡವ್ನೆ. ಅದ್ರಲ್ಲಿ ಕಳ್ತನ ಎಲ್ಲೈತ್ಲಾ ಮಗ? ನೀವು ವಸಿ ಮುಂಚೆನೇ ಕೊಟ್ಟಿದ್ರೆ ಅವ್ನ್ಯಾಕೆ ಓಗೋನು?" ಅಂದರು. ಟೀವಿಯಲ್ಲಿ ಕೂತು ಮಾತಾಡುವ ಹಾಕಿ ಪಂಡಿತರು ಇಷ್ಟು ಸ್ಪಷ್ಟವಾಗಿ ಹೇಳಿದ್ದನ್ನು ನಾನು ಕೇಳಿಲ್ಲ.

ಕದಿಯುವ ಮಾತು ಬಂದದ್ದಕ್ಕೆ ಹುಡುಗನಿಗೆ ಅವನು ಹುಟ್ಟುವ ಮೊದಲಿನ ಕಥೆ ಹೇಳಬೇಕಾಯಿತು. 2007ರ ಬೇಸಿಗೆಯಲ್ಲಿ ಇದೇ ಎಡ್ಮಂಟನ್, ಬಫಲೋ ತಂಡದ ಥಾಮಸ್ ವಾನೆಕ್‌ಗೆ ಏಳು ವರ್ಷಕ್ಕೆ 5 ಕೋಟಿ ಡಾಲರಿನ ಆಫರ್ ಶೀಟ್ ಕೊಟ್ಟಿತ್ತು. ಬಫಲೋ ಅಷ್ಟೇ ಕೊಟ್ಟು ಉಳಿಸಿಕೊಂಡಿತು. ಸುಮ್ಮನಾಗದೆ ಎಡ್ಮಂಟನ್ ಅದೇ ತಿಂಗಳು ಅನಾಹೈಮ್‌ನ ಡಸ್ಟಿನ್ ಪೆನ್ನರ್‌ಗೆ ಐದು ವರ್ಷಕ್ಕೆ 2.125 ಕೋಟಿ ಬರೆಯಿತು. ಅನಾಹೈಮ್ ಆಗಷ್ಟೇ ಕಪ್ ಗೆದ್ದಿದ್ದ ತಂಡ. ಪೆನ್ನರ್‌ನನ್ನು ಬಿಟ್ಟುಕೊಟ್ಟು ಮೂರು ಪಿಕ್ ತೆಗೆದುಕೊಂಡಿತು. ಅದರ ಮ್ಯಾನೇಜರ್ ಬ್ರಯನ್ ಬರ್ಕ್, ಎಡ್ಮಂಟನ್‌ನ ಕೆವಿನ್ ಲೋ ಮೇಲೆ ಬಹಿರಂಗವಾಗಿಯೇ ಹರಿಹಾಯ್ದ. ಆ ಜಗಳ ವರ್ಷಗಟ್ಟಲೆ ನಡೆಯಿತು. "ನೀವು ಮಾಡಿದ್ರೆ ಜಾಣತನ, ಅವರು ಮಾಡಿದ್ರೆ ಕಳ್ಳತನವಾ?" ಅಂದರೆ ಹುಡುಗ ಹೋಳಿಗೆಗೆ ತುಪ್ಪ ಕೇಳಿದ.

ಇಂಥ ಜಗಳಗಳ ಭಯದಿಂದಲೇ ಆಫರ್ ಶೀಟುಗಳು ಅಪರೂಪ. ನಾನು ನಿನ್ನ ಹುಡುಗನಿಗೆ ಕೈ ಹಾಕಿದರೆ ನಾಳೆ ನೀನು ನನ್ನ ಹುಡುಗನಿಗೆ ಕೈ ಹಾಕುತ್ತೀಯ. 2008ರಲ್ಲಿ ವ್ಯಾಂಕೂವರ್, ಸೇಂಟ್ ಲೂಯಿಸ್‌ನ ಡೇವಿಡ್ ಬ್ಯಾಕಸ್‌ಗೆ ಶೀಟ್ ಕೊಟ್ಟಿತು. ಕೆಲವೇ ದಿನಗಳಲ್ಲಿ ಸೇಂಟ್ ಲೂಯಿಸ್, ವ್ಯಾಂಕೂವರ್‌ನ ಸ್ಟೀವ್ ಬರ್ನಿಯೆಗೆ ಕೊಟ್ಟು ಮುಯ್ಯಿ ತೀರಿಸಿತು. ಎರಡು ಕಡೆಯವರೂ ತಮ್ಮ ತಮ್ಮವರನ್ನು ಉಳಿಸಿಕೊಂಡರು, ಕೊನೆಗೆ ಲಾಭ ಆದದ್ದು ಆಟಗಾರರಿಬ್ಬರಿಗೆ. ಮ್ಯಾನೇಜರುಗಳು ಇದನ್ನು ಸಭ್ಯತೆ ಅಂತ ಕರೆಯಬಹುದು. ಮಾಲೀಕರೆಲ್ಲ ಒಬ್ಬರ ಆಳಿನ ಕೂಲಿಯನ್ನು ಇನ್ನೊಬ್ಬರು ಏರಿಸಬಾರದು ಅಂತ ಒಳಗೊಳಗೇ ಮಾಡಿಕೊಂಡ ಹೊಂದಾಣಿಕೆ ಅಂತ ನನಗೆ ಕಾಣುತ್ತದೆ.

ಸೇಂಟ್ ಲೂಯಿಸ್ ಮಾತ್ರ ಈ ವಿದ್ಯೆಯಲ್ಲಿ ಹಳೆಯ ಕೈ, ಪೆಟ್ಟನ್ನೂ ತಿಂದಿದೆ. 1990ರಲ್ಲಿ ವಾಷಿಂಗ್ಟನ್‌ನಿಂದ ಸ್ಕಾಟ್ ಸ್ಟೀವನ್ಸ್‌ನನ್ನು ಹೀಗೇ ಕರೆತಂದು ಐದು ಮೊದಲ ಸುತ್ತಿನ ಪಿಕ್ ಕಳೆದುಕೊಂಡಿತು. ಮರುವರ್ಷ ನ್ಯೂಜೆರ್ಸಿಯ ಬ್ರೆಂಡನ್ ಶಾನಹನ್‌ಗೆ ಕೈ ಹಾಕಿತು. ಆಗಿನ ನಿಯಮ ಬೇರೆ, ಪರಿಹಾರ ಏನೆಂದು ಮಧ್ಯಸ್ಥರು ತೀರ್ಮಾನಿಸುತ್ತಿದ್ದರು. ಅವರು ನ್ಯೂಜೆರ್ಸಿಗೆ ಕೊಡಿಸಿದ್ದು ಯಾರನ್ನು? ಅದೇ ಸ್ಟೀವನ್ಸ್‌ನನ್ನು. ಅವನು ಅಲ್ಲಿ ಕ್ಯಾಪ್ಟನ್ ಆಗಿ 1995, 2000, 2003ರಲ್ಲಿ ಮೂರು ಸಲ ಸ್ಟಾನ್ಲಿ ಕಪ್ ಎತ್ತಿದ.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಸೆರ್ಗೆಯ್ ಫೆಡೊರೊವ್‌ನ ಕಾಗದ. 1998ರ ಆರಂಭ, ಸ್ಯಾಲರಿ ಕ್ಯಾಪ್ ಇನ್ನೂ ಬಂದಿರದ ಕಾಲ. ಡೆಟ್ರಾಯಿಟ್‌ನ ಈ ರಷ್ಯನ್ ಆಟಗಾರನಿಗೆ ಕ್ಯಾರೊಲೈನಾ 3.8 ಕೋಟಿ ಡಾಲರಿನ ಶೀಟ್ ಬರೆಯಿತು. ಅದರೊಳಗೊಂದು ಷರತ್ತು: ತಂಡ ಆ ವರ್ಷ ಕಾನ್ಫರೆನ್ಸ್ ಫೈನಲ್, ಅಂದರೆ ಸೆಮಿಫೈನಲ್ ಹಂತ, ತಲುಪಿದರೆ 1.2 ಕೋಟಿ ಬೋನಸ್. ಕ್ಯಾರೊಲೈನಾ ಅಲ್ಲಿಯವರೆಗೆ ಹೋಗುವ ತಂಡವೇ ಅಲ್ಲ, ಅವರಿಗೆ ಆ ಸಾಲಿನಿಂದ ಖರ್ಚು ಸೊನ್ನೆ. ಡೆಟ್ರಾಯಿಟ್ ಹಿಂದಿನ ವರ್ಷದ ಚಾಂಪಿಯನ್. ಶೀಟನ್ನು ಒಪ್ಪಿಕೊಂಡರೆ ಷರತ್ತಿನ ಸಮೇತ ಒಪ್ಪಬೇಕು. ಡೆಟ್ರಾಯಿಟ್ ಒಪ್ಪಿತು, ಆ ವರ್ಷವೂ ಕಪ್ ಗೆದ್ದಿತು, ಅರ್ಧ ಸೀಸನ್ನೂ ಆಡದ ಫೆಡೊರೊವ್‌ಗೆ ಒಟ್ಟು 2.8 ಕೋಟಿ ಎಣಿಸಿತು. ಒಂದೇ ವಾಕ್ಯ, ಬರೆದವನಿಗೆ ಬಿಟ್ಟಿ, ಓದಿದವನಿಗೆ 1.2 ಕೋಟಿ! ಕರಾರು ಪತ್ರ ಬರೆಯುವವರು ಇದನ್ನು ಚೌಕಟ್ಟು ಹಾಕಿಸಿ ಇಟ್ಟುಕೊಳ್ಳಬೇಕು.

2012ರಲ್ಲಿ ಫಿಲಡೆಲ್ಫಿಯಾ, ನ್ಯಾಶ್‌ವಿಲ್‌ನ ಶಿಯ ವೆಬರ್‌ಗೆ 14 ವರ್ಷಕ್ಕೆ 11 ಕೋಟಿ ಬರೆದಾಗಲೂ ಉಪಾಯ ಇದೇ ಜಾತಿಯದು. ಮೊದಲ ನಾಲ್ಕು ವರ್ಷ 1.4 ಕೋಟಿಯಂತೆ, ಬಹುಪಾಲು ಮುಂಗಡ ಬೋನಸ್. ಸಣ್ಣ ಊರಿನ ತಂಡ, ಇಷ್ಟು ರೊಕ್ಕ ಒಮ್ಮೆಗೇ ಹೊಂದಿಸಲಾರದು ಅಂದುಕೊಂಡಿದ್ದರು. ನ್ಯಾಶ್‌ವಿಲ್ ಹೊಂದಿಸಿತು.

20ನೇ ತಾರೀಕು ಎಡ್ಮಂಟನ್ ಇಬ್ಬರನ್ನೂ ಬಿಟ್ಟುಕೊಟ್ಟಿತು. ಹುಡುಗ ಊಟ ಬಿಟ್ಟ. ನನಗೆ ಆಗ ಕುತೂಹಲ ಹುಟ್ಟಿದ್ದು ಬಿಟ್ಟವನ ಮೇಲೆ. ಎಡ್ಮಂಟನ್‌ಗೆ ತಿಂಗಳ ಹಿಂದಷ್ಟೇ ಮ್ಯಾನೇಜರ್ ಆಗಿ ಬಂದಿದ್ದ ಸ್ಟಾನ್ ಬೋಮನ್, 2010ರಲ್ಲಿ ಶಿಕಾಗೊದಲ್ಲಿ ಇದ್ದ. ಆ ವರ್ಷ ಶಿಕಾಗೊ ಕಪ್ ಗೆದ್ದು ಸ್ಯಾಲರಿ ಕ್ಯಾಪ್‌ನಲ್ಲಿ ಸಿಕ್ಕಿಕೊಂಡಿದ್ದಾಗ ಸ್ಯಾನ್ ಹೋಸೆ ತಂಡ ನಿಕ್ಲಸ್ ಯಾಲ್ಮರ್ಸನ್‌ಗೆ ನಾಲ್ಕು ವರ್ಷಕ್ಕೆ 1.4 ಕೋಟಿಯ ಶೀಟ್ ಕೊಟ್ಟಿತು. ಬೋಮನ್ ಅಷ್ಟೇ ಕೊಟ್ಟು ಉಳಿಸಿಕೊಂಡ. ಆಮೇಲೆ ಕಪ್ ಗೆಲ್ಲಿಸಿದ ಗೋಲ್‌ಕೀಪರ್ ಆಂಟಿ ನಿಯೆಮಿಗೆ ಮಧ್ಯಸ್ಥರು 27.5 ಲಕ್ಷ ಡಾಲರ್ ಸಂಬಳ ನಿಗದಿ ಮಾಡಿದಾಗ ಕೊಡಲು ಜಾಗ ಇರಲಿಲ್ಲ. ಗೋಲ್‌ಕೀಪರ್ ಹೋದ. ಹೋದದ್ದು ಎಲ್ಲಿಗೆ ಅಂದರೆ ಶೀಟ್ ಕೊಟ್ಟಿದ್ದ ಸ್ಯಾನ್ ಹೋಸೆಗೇ! ಯಾಲ್ಮರ್ಸನ್ ಮುಂದೆ ಇನ್ನೆರಡು ಕಪ್ ಗೆದ್ದುಕೊಟ್ಟ, ಹಾಗಾಗಿ ಆ ನಿರ್ಧಾರ ನಷ್ಟದ್ದು ಅಂತಲೂ ಹೇಳಲಾರೆ. ಆದರೆ ಒಂದು ಶೀಟನ್ನು ಒಪ್ಪಿದರೆ ಅದರ ಬಿಲ್ಲು ಇನ್ಯಾರದೋ ಹೆಸರಿನಲ್ಲಿ ಬರುತ್ತದೆ ಅನ್ನುವುದನ್ನು ಬೋಮನ್‌ನಷ್ಟು ಹತ್ತಿರದಿಂದ ಕಂಡವರು ಕಡಿಮೆ.

ಹುಡುಗ ಊರಿಗೆ ವಾಪಸ್ ಹೋದ ಮೇಲೆ, ನವೆಂಬರ್‌ನಲ್ಲಿ, ಜೆಡ್ಡಾದಲ್ಲಿ ಐಪಿಎಲ್ ಹರಾಜು. ರಿಷಭ್ ಪಂತ್‌ಗೆ ಲಖನೌ 20.75 ಕೋಟಿ ರೂಪಾಯಿ ಕೂಗಿತು. ಅವನ ಹಳೆಯ ತಂಡ ಡೆಲ್ಲಿ, ಅಷ್ಟೇ ಕೊಟ್ಟು ಉಳಿಸಿಕೊಳ್ಳುವ ರೈಟ್ ಟು ಮ್ಯಾಚ್ ಕಾರ್ಡ್ ಎತ್ತಿತು. ಹೊಸ ನಿಯಮದಂತೆ ಲಖನೌಗೆ ಕೊನೆಯದೊಂದು ಏರಿಕೆಗೆ ಅವಕಾಶ, ನೇರ 27 ಕೋಟಿ ಅಂದಿತು. ಡೆಲ್ಲಿ ಕೈ ಬಿಟ್ಟಿತು. ಹುಡುಗನಿಗೆ ಇದರ ವೀಡಿಯೊ ಕಳಿಸಿದೆ, "ಸೇಮ್ ಥಿಂಗ್ ಅತ್ತೆ" ಅಂದ. ಅಲ್ಲವೇ ಅಲ್ಲ. ಪಂತ್ ಹರಾಜಿಗೆ ಹೆಸರು ಕೊಟ್ಟದ್ದಷ್ಟೇ, ಲಖನೌಗೋ ಡೆಲ್ಲಿಗೋ ಅಂತ ಆರಿಸುವ ಅಧಿಕಾರ ಅವನಿಗಿರಲಿಲ್ಲ. ಆಫರ್ ಶೀಟ್‌ನಲ್ಲಿ ಆಟಗಾರ ಸಹಿ ಹಾಕದೆ ಏಳು ದಿನದ ಗಡಿಯಾರ ಓಡುವುದೇ ಇಲ್ಲ. 23 ವರ್ಷದ ಬ್ರೊಬರ್ಗ್ ಸಹಿ ಹಾಕಿದ್ದಕ್ಕೇ ದೊಡ್ಡವರೆಲ್ಲ ಕ್ಯಾಲ್ಕುಲೇಟರ್ ಹುಡುಕಬೇಕಾಯಿತು. ಐಪಿಎಲ್‌ನಲ್ಲಿ ಇಂಥದ್ದೊಂದು ಬಂದರೆ ನಮ್ಮ ಫ್ರಾಂಚೈಸಿಯವರ ಮುಖ ನೋಡಬೇಕು ಅಂತ ನನಗೆ ಆಸೆ.

2024-25ರ ಸೀಸನ್‌ನಲ್ಲಿ ಹಾಲೊವೇ ಸೇಂಟ್ ಲೂಯಿಸ್ ಪರ 26 ಗೋಲು, ಗೋಲಿಗೆ ಕೊಟ್ಟ ನೆರವೂ ಸೇರಿ ಒಟ್ಟು 63 ಪಾಯಿಂಟ್ ಗಳಿಸಿದ. ಬ್ರೊಬರ್ಗ್ 29 ಪಾಯಿಂಟ್. ತಂಡ ಪ್ಲೇಆಫ್‌ಗೂ ಹೋಯಿತು. ಎಡ್ಮಂಟನ್ ಅವರಿಲ್ಲದೆಯೇ ಮತ್ತೆ ಫೈನಲ್ ತಲುಪಿ, ಮತ್ತೆ ಫ್ಲೋರಿಡಾಗೇ ಸೋತಿತು. ಹಾಲೊವೇ ಇದ್ದಿದ್ದರೆ ಗೆಲ್ಲುತ್ತಿದ್ದರು ಅನ್ನುವುದು ಹುಡುಗನ ವಾದ. ಎಡ್ಮಂಟನ್‌ನಲ್ಲಿ ಅವನಿಗೆ ಅಷ್ಟು ಹೊತ್ತು ಆಡಲು ಬಿಡುತ್ತಿದ್ದರಾ ಅನ್ನುವುದು ನನ್ನ ಅನುಮಾನ.

ಈಗ ಅವನ ರಾಗ ಬದಲಾಗಿದೆ. ನಾವೂ ಯಾರಿಗಾದರೂ ಆಫರ್ ಶೀಟ್ ಕೊಡಬೇಕು ಅನ್ನುತ್ತಾನೆ, ಹೆಸರುಗಳ ಪಟ್ಟಿಯನ್ನೂ ಕಳಿಸಿದ್ದಾನೆ. ನಾನು ಒಂದು ಕೆಲಸ ಹಚ್ಚಿದ್ದೇನೆ. ಪರಿಹಾರವಾಗಿ ಕೊಡುವ ಪಿಕ್ ತಂಡದ ಸ್ವಂತದ್ದೇ ಆಗಿರಬೇಕು, ಬೇರೆಯವರಿಂದ ಬಂದ ಪಿಕ್ ನಡೆಯುವುದಿಲ್ಲ. ಸೇಂಟ್ ಲೂಯಿಸ್‌ನ ಎರಡನೇ ಸುತ್ತಿನ ಪಿಕ್ ಪಿಟ್ಸ್‌ಬರ್ಗ್ ಕೈ ಸೇರಿತ್ತು. ಶೀಟ್ ಕೊಡುವುದಕ್ಕೆ ಅಂತಲೇ ಆರ್ಮ್‌ಸ್ಟ್ರಾಂಗ್ ಮೊದಲು ಪಿಟ್ಸ್‌ಬರ್ಗ್ ಜೊತೆ ವ್ಯಾಪಾರ ಮಾಡಿ ಅದನ್ನು ಬಿಡಿಸಿಕೊಂಡಿದ್ದ. "ಆಟಗಾರರ ಹೆಸರು ಆಮೇಲೆ. ನಿಮ್ಮ ಪಿಕ್‌ಗಳಲ್ಲಿ ಯಾವುದೆಲ್ಲ ಇನ್ನೂ ನಿಮ್ಮ ಹತ್ರಾನೇ ಇದೆ, ಅದನ್ನ ಬರ್ಕೊಂಡು ಬಾ" ಅಂತ ಮೆಸೇಜ್ ಹಾಕಿದ್ದೇನೆ. ನೋಡಿದ್ದಾನೆ, ನೀಲಿ ಗುರುತು ಬಂದಿದೆ.