ಹೊಗೆಗೂಡಿನೊಳಗಿನ ಬಿರುಕು

ಬೆಂಗಳೂರಿನ ಕಾಕ್ಸ್‌ಟೌನಿನ ನಮ್ಮ ಹಳೆಯ ಬಂಗಲೆಯಲ್ಲಿ ಡಿಸೆಂಬರಿನ ಚಳಿಗೆಂದು ಸೌದೆ ಉರಿಸಿದಾಗ, ಹೊಗೆ ಮಹಡಿಯ ಕೋಣೆಯ ಗೋಡೆಯಿಂದ ಸೋರತೊಡಗಿತು. ಹೊಗೆಯಲ್ಲಿರುವ ವಿಷಾನಿಲ ಕಾರ್ಬನ್ ಮೊನಾಕ್ಸೈಡಿಗೆ ವಾಸನೆಯೂ ಇಲ್ಲ, ಬಣ್ಣವೂ ಇಲ್ಲವೆಂಬುದನ್ನು ನೆನೆದು ಅಂದೇ ಬೆಂಕಿ ನಂದಿಸಿದೆವು.

ಮರುದಿನ ಮೊಬೈಲಿನ ಟಾರ್ಚ್ ಹಚ್ಚಿ, ವಿಡಿಯೊ ಚಾಲೂ ಮಾಡಿ, ಅದನ್ನು ಹಗ್ಗಕ್ಕೆ ಕಟ್ಟಿ ತಾರಸಿಯಿಂದ ಹೊಗೆಗೂಡಿನೊಳಗೆ ಇಳಿಬಿಟ್ಟಾಗ, ಸುಮಾರು 12 ಅಡಿ ಕೆಳಗೆ, ಮೇಲಿನಿಂದಲೂ ಕೆಳಗಿನಿಂದಲೂ ಕೈಗೆಟುಕದ ತಿರುವಿನಲ್ಲಿ, ಗಾರೆ ಉದುರಿ ಬೆರಳು ತೂರುವಷ್ಟು ಸಂದಾಗಿರುವುದು ಕಂಡಿತು. (ಮೊಬೈಲಿನ ಮಸಿ ಇನ್ನೂ ಪೂರ್ತಿ ಹೋಗಿಲ್ಲ.)

ಮೇಸ್ತ್ರಿಯವರು ಸಿಮೆಂಟ್ ಸಾಕೆಂದರು. ಬಿಸಿಗೆ ಅದು ಮತ್ತೆ ಬಿರಿಯುತ್ತದೆಂದು ನಾನು ಒಪ್ಪಲಿಲ್ಲ. ಕೊನೆಗೆ ಕೋಣೆಯ ಕಡೆಯಿಂದ ನಾಲ್ಕು ಇಟ್ಟಿಗೆ ಬಿಡಿಸಿ, ಮಸಿ ಕೆರೆದು, ಕುಲುಮೆಗಳಿಗೆ ಬಳಸುವ ಶಾಖ ತಡೆಯುವ ಗಾರೆಯನ್ನು ಮೆತ್ತಿಸಿದೆವು. ಅದು ಒಣಗುವವರೆಗೆ ಗೂಡಿಗೆ ಕಿಡಿ ಸೋಕಿಸಲಿಲ್ಲ.